ಎಳೆಯುವ ಬಲ, ನಿಲ್ಲಿಸುವ ಬಲ

ಗಾಡಿ ಹೂಡಿದ ಕಾಲದಿಂದಲೂ ಮಾನವನ ಗಮನವೆಲ್ಲ ಎಳೆಯುವ ಬಲದ ಮೇಲೆಯೇ ನೆಟ್ಟಿದೆ. ಎತ್ತನ್ನು ಕೊಳ್ಳುವ ರೈತನು ಅದರ ಹೆಗಲನ್ನು ತಟ್ಟಿ ನೋಡುತ್ತಾನೆ. ಟ್ರ್ಯಾಕ್ಟರನ್ನು ಕೊಳ್ಳುವವನು ಅದು ಎಷ್ಟು ಅಶ್ವಶಕ್ತಿಯದು ಎಂದು ವಿಚಾರಿಸುತ್ತಾನೆ. ಈ ಹೊರೆಯನ್ನು ಎಳೆಯಬಲ್ಲುದೇ ಎಂಬುದು ಎಲ್ಲರೂ ಕೇಳುವ ಪ್ರಶ್ನೆ. ಎಳೆದ ಹೊರೆಯನ್ನು ಬೇಕಾದಾಗ, ಬೇಕಾದ ಎಡೆಯಲ್ಲಿ ನಿಲ್ಲಿಸಬಲ್ಲುದೇ ಎಂದು ಕೇಳುವವರು ವಿರಳ. ಆದರೆ ಜೀವವನ್ನು ಕಾಯುವುದು ಈ ಎರಡನೆಯ ಪ್ರಶ್ನೆ.

ಕೋಲಾರ ಜಿಲ್ಲೆಯ ಕೆ.ಜಿ.ಎಫ್. ತಾಲ್ಲೂಕಿನಲ್ಲಿ ಕ್ಯಾಸಂಬಳ್ಳಿ ಎಂಬ ಹೋಬಳಿ ಕೇಂದ್ರವಿದೆ. ಹಿಂದೆ ಇದು ಬಂಗಾರಪೇಟೆ ತಾಲ್ಲೂಕಿಗೆ ಸೇರಿತ್ತು. ಈ ಸೀಮೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಹಿರಿಯರು ಕಟ್ಟಿಸಿದ ಕೆರೆಗಳು ತುಂಬಿದರೆ ನೆಮ್ಮದಿ. ಅವು ಬತ್ತಿದ ವರ್ಷ ಆಳವಾದ ಕೊಳವೆಬಾವಿಗಳೇ ಗತಿ. ಅಂಥ ಬೇಸಿಗೆಯಲ್ಲಿ ಹಳ್ಳಿಯಿಂದ ಹಳ್ಳಿಗೆ ನೀರನ್ನು ಹೊತ್ತು ತರುವುದು ಟ್ರ್ಯಾಕ್ಟರಿನ ಹಿಂದೆ ಕಟ್ಟಿದ ಟ್ಯಾಂಕರು. ಉಳಿದ ಕಾಲದಲ್ಲಿ ಅದೇ ಟ್ರ್ಯಾಕ್ಟರಿನ ಹಿಂದೆ ತೊಟ್ಟಿಯಂಥ ಬಂಡಿ ಬರುತ್ತದೆ. ಅದರಲ್ಲಿ ಒಮ್ಮೆ ಕೆರೆಯ ಗೋಡು, ಒಮ್ಮೆ ರಾಗಿಯ ಹುಲ್ಲು, ಒಮ್ಮೆ ಟೊಮ್ಯಾಟೊ ಪೆಟ್ಟಿಗೆಗಳು, ಒಮ್ಮೆ ಇಟ್ಟಿಗೆ. ತನಗೆ ಯಂತ್ರವಿಲ್ಲದೆ ಮುಂದಿನ ವಾಹನದಿಂದ ಎಳೆಸಿಕೊಂಡು ಬರುವ ಇಂಥ ಗಾಡಿಗೆ ಟ್ರೈಲರು ಎಂದು ಹೆಸರು. ಅದನ್ನು ಹಿಂಬಂಡಿ ಎಂದು ಕರೆಯಬಹುದು.

ಹೀಗೊಂದು ಸಂಜೆಯನ್ನು ಊಹಿಸಿಕೊಳ್ಳೋಣ. ಮೇಲಿನ ಹೊಲದ ಕೊಳವೆಬಾವಿಯಲ್ಲಿ ತುಂಬಿಸಿದ ಟ್ಯಾಂಕರು ಕೆರೆಯ ಏರಿಯಿಂದ ಊರಿನ ಕಡೆಗೆ ಇಳಿಯುತ್ತಿದೆ. ಊರಿನಲ್ಲಿ ಕೊಡಗಳ ಸಾಲು ಮಧ್ಯಾಹ್ನದಿಂದಲೂ ಕಾದಿದೆ. ಚಾಲಕನಿಗೆ ಅವಸರ. ಹಿಂಬಂಡಿಯ ಮೂಕಿಯ ಮೇಲೆ ಶಾಲೆಯಿಂದ ಮರಳುತ್ತಿರುವ ಇಬ್ಬರು ಹುಡುಗರು ಕುಳಿತಿದ್ದಾರೆ. ಡೀಸೆಲ್ ಉಳಿಯಲೆಂದು ಚಾಲಕನು ಗೇರನ್ನು ತೆಗೆದು, ಬಂಡಿಯನ್ನು ತನ್ನಷ್ಟಕ್ಕೆ ಉರುಳಲು ಬಿಟ್ಟಿದ್ದಾನೆ. ತಿರುವಿನ ಆಚೆ ಕುರಿಯ ಹಿಂಡೊಂದು ರಸ್ತೆಯನ್ನು ದಾಟತೊಡಗುತ್ತದೆ. ಹಿಂಡಿನ ಹಿಂದೆ ಒಬ್ಬ ಮುದುಕ. ಚಾಲಕನು ಬ್ರೇಕನ್ನು ಬಲವಾಗಿ ಒತ್ತುತ್ತಾನೆ.

ಮುಂದೇನಾಗುವುದು? ಚಾಲಕನ ಜಾಣತನವಾಗಲಿ, ದೇವರ ಮೇಲಿನ ಭಾರವಾಗಲಿ ಆ ಗಳಿಗೆಯಲ್ಲಿ ಮಾಡಬಹುದಾದುದು ಅತ್ಯಲ್ಪ. ಆ ಬಂಡಿ ನಿಲ್ಲುವುದೋ ಇಲ್ಲವೋ ಎಂಬುದು ಅದನ್ನು ಕೊಂಡಿಗೆ ಸಿಕ್ಕಿಸಿದ ಹೊತ್ತಿನಲ್ಲಿಯೇ ಬಹುಮಟ್ಟಿಗೆ ನಿರ್ಧಾರವಾಗಿರುತ್ತದೆ. ಅದು ಹೇಗೆಂಬುದನ್ನು ನೋಡೋಣ.

ಸಾಧಾರಣವಾಗಿ ಹಳ್ಳಿಗಳಲ್ಲಿ ಕಾಣುವ ಟ್ರ್ಯಾಕ್ಟರಿನ ತೂಕ ಹೆಚ್ಚು ಕಡಿಮೆ 2 ಟನ್. ಟ್ಯಾಂಕರಿನಲ್ಲಿ 5,000 ಲೀಟರ್ ನೀರು ಹಿಡಿಯುವುದೆಂದು ಇಟ್ಟುಕೊಳ್ಳೋಣ. ಒಂದು ಲೀಟರ್ ನೀರಿನ ತೂಕ ಒಂದು ಕಿಲೋಗ್ರಾಂ. ಆದುದರಿಂದ ನೀರಿನ ತೂಕವೇ 5 ಟನ್. ಬರಿದಾದ ಹಿಂಬಂಡಿಯ ತೂಕ ಒಂದೂವರೆ ಟನ್ ಎಂದು ಹಿಡಿದರೂ ಟ್ರ್ಯಾಕ್ಟರಿನ ಬೆನ್ನ ಹಿಂದೆ ಇರುವ ಹೊರೆ ಆರೂವರೆ ಟನ್. ಅಂದರೆ ಎಳೆಯುವ ವಾಹನಕ್ಕಿಂತ ಎಳೆಸಿಕೊಳ್ಳುವ ಬಂಡಿ ಮೂರು ಪಟ್ಟಿಗಿಂತಲೂ ಹೆಚ್ಚು ಭಾರವಾಗಿದೆ. ಒಬ್ಬ ಹುಡುಗನು ಇಳಿಜಾರಿನಲ್ಲಿ ಓಡುತ್ತಿರುವಾಗ ಮೂವರು ಗೆಳೆಯರು ಅವನ ಬೆನ್ನಿಗೆ ಕೈಯಿಟ್ಟು ತಾವೂ ಓಡಿಬರುತ್ತಿದ್ದರೆ, ಅವನು ನಿಲ್ಲಬೇಕೆಂದು ಬಯಸಿದ ಮಾತ್ರಕ್ಕೆ ನಿಲ್ಲಬಲ್ಲನೇ? ಟ್ರ್ಯಾಕ್ಟರಿನ ಪಾಡೂ ಅದೇ.

ಚಲಿಸುವ ವಸ್ತುವಿನಲ್ಲಿ ಅಡಗಿರುವ ಶಕ್ತಿಗೆ ಚಲನಶಕ್ತಿ ಎಂದು ಹೆಸರು. ತೂಕವು ಎರಡರಷ್ಟಾದರೆ ಈ ಶಕ್ತಿಯೂ ಎರಡರಷ್ಟಾಗುತ್ತದೆ. ವೇಗವು ಎರಡರಷ್ಟಾದರೆ ಶಕ್ತಿಯು ನಾಲ್ಕರಷ್ಟಾಗುತ್ತದೆ. ಬಂಡಿಯನ್ನು ನಿಲ್ಲಿಸುವುದೆಂದರೆ ಈ ಶಕ್ತಿಯನ್ನೆಲ್ಲ ಬ್ರೇಕುಗಳ ಉಜ್ಜುವಿಕೆಯಲ್ಲಿ ಶಾಖವಾಗಿ ಮಾರ್ಪಡಿಸುವುದು. ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಒಂಟಿಯಾಗಿ ಹೋಗುತ್ತಿರುವ ಟ್ರ್ಯಾಕ್ಟರು ಬ್ರೇಕು ಹಿಡಿದ ಮೇಲೆ 4 ಮೀಟರ್ ದೂರದಲ್ಲಿ ನಿಲ್ಲುತ್ತದೆಂದು ಭಾವಿಸೋಣ. ಅದರ ಹಿಂದೆ ಬ್ರೇಕಿಲ್ಲದ ಆರೂವರೆ ಟನ್ ಹೊರೆಯನ್ನು ಕಟ್ಟಿದರೆ, ಅದೇ ಬ್ರೇಕು ಅದೇ ಬಲದಿಂದ ಎಂಟೂವರೆ ಟನ್ನನ್ನು ತಡೆಯಬೇಕಾಗುತ್ತದೆ. ಸಮತಟ್ಟಾದ ರಸ್ತೆಯಲ್ಲಿಯೂ ಆಗ ನಿಲ್ಲಲು ಸುಮಾರು 17 ಮೀಟರ್ ಬೇಕು. ವೇಗವು 30 ಕಿಲೋಮೀಟರಿಗೆ ಏರಿದರೆ ಈ ದೂರವು ಸುಮಾರು 38 ಮೀಟರಿಗೆ ಬೆಳೆಯುತ್ತದೆ. ಅಪಾಯವನ್ನು ಕಂಡು ಕಾಲು ಬ್ರೇಕಿನ ಮೇಲೆ ಬೀಳುವಷ್ಟರಲ್ಲಿ ಬಂಡಿಯು ಮುಂದೆ ಸಾಗುವ ದೂರವನ್ನು ಇದಕ್ಕೆ ಕೂಡಿಸಬೇಕು.

ಇಳಿಜಾರಿನಲ್ಲಿ ಸ್ಥಿತಿಯು ಇನ್ನೂ ಕಠಿಣ. ಇಪ್ಪತ್ತು ಅಡಿ ಮುಂದೆ ಸಾಗಿದರೆ ಒಂದು ಅಡಿ ಇಳಿಯುವ ಸಾಧಾರಣ ಇಳಿಜಾರನ್ನೇ ತೆಗೆದುಕೊಳ್ಳಿ. ಅಲ್ಲಿ ಆರೂವರೆ ಟನ್ ಬಂಡಿಯು ತನ್ನ ಭಾರದ ಇಪ್ಪತ್ತನೆಯ ಒಂದು ಪಾಲಿನಷ್ಟು ಬಲದಿಂದ, ಎಂದರೆ 325 ಕಿಲೋಗ್ರಾಂ ತೂಕದಷ್ಟು ಬಲದಿಂದ, ಎಡೆಬಿಡದೆ ಟ್ರ್ಯಾಕ್ಟರನ್ನು ಹಿಂದಿನಿಂದ ನೂಕುತ್ತಿರುತ್ತದೆ. ಗೇರಿನಲ್ಲಿ ಇಳಿಯುತ್ತಿದ್ದರೆ ಯಂತ್ರವೇ ಈ ನೂಕುಬಲದ ಒಂದು ಭಾಗವನ್ನು ತಡೆದು ಹಿಡಿಯುತ್ತದೆ. ಗೇರನ್ನು ತೆಗೆದವನು ಆ ಕಾವಲುಗಾರನನ್ನು ತಾನೇ ಕಳುಹಿಸಿಬಿಟ್ಟಂತೆ. ಉಳಿಯುವ ಡೀಸೆಲ್ ಕೆಲವು ಹನಿ. ಒಡ್ಡುವ ಪಣ ಪ್ರಾಣ.

ಗಾಡಿ ಹೊಡೆಯುತ್ತಿದ್ದ ಹಿರಿಯರು ಈ ಸತ್ಯವನ್ನು ಪುಸ್ತಕವಿಲ್ಲದೆಯೇ ಅರಿತಿದ್ದರು. ಎತ್ತುಗಳು ಏರಿನಲ್ಲಿ ಹೆಗಲು ಕೊಟ್ಟು ಎಳೆಯುತ್ತಿದ್ದವು; ಇಳಿವಿನಲ್ಲಿ ಕಾಲೂರಿ ಗಾಡಿಯನ್ನು ತಡೆಯುತ್ತಿದ್ದವು. ಕಡಿದಾದ ಇಳಿಜಾರಿನಲ್ಲಿ ಗಾಲಿಯ ಪಟ್ಟಿಗೆ ಮರದ ತುಂಡನ್ನು ಒತ್ತಿ ಕಟ್ಟುವ ಪದ್ಧತಿಯಿತ್ತು. ಏರು ಬಂದಾಗ ಒಬ್ಬನು ಕಲ್ಲನ್ನು ಹಿಡಿದು ಗಾಡಿಯ ಹಿಂದೆ ನಡೆಯುತ್ತಿದ್ದನು. ಎತ್ತುಗಳು ದಣಿದು ನಿಂತರೆ ಗಾಲಿಗೆ ಅದನ್ನು ಕೊಡುತ್ತಿದ್ದನು. ಎಲ್ಲಕ್ಕಿಂತ ಮಿಗಿಲಾಗಿ, ಹೊರೆಯು ಮಿತಿಮೀರಿದರೆ ಎತ್ತುಗಳು ಹೆಜ್ಜೆಯನ್ನು ಎತ್ತದೆ ನಿಂತುಬಿಡುತ್ತಿದ್ದವು. ಅದೇ ಒಂದು ಎಚ್ಚರಿಕೆಯಾಗಿತ್ತು. ಟ್ರ್ಯಾಕ್ಟರು ಹಾಗೆ ನಿಲ್ಲುವುದಿಲ್ಲ. ಕೆಳಗಿನ ಗೇರು ಅದರ ಎಳೆತವನ್ನು ಹಲವು ಪಟ್ಟು ಹೆಚ್ಚಿಸುವುದರಿಂದ ಎಂಥ ಹೊರೆಯನ್ನಾದರೂ ಅದು ಕದಲಿಸಿಬಿಡುತ್ತದೆ. ಒಲ್ಲೆನೆನ್ನುವುದು ಅದಕ್ಕೆ ತಿಳಿಯದು. ಎಳೆತವನ್ನು ಹೀಗೆ ಬೆಳೆಸುವ ಗೇರು, ಬ್ರೇಕಿನ ಬಲವನ್ನು ಮಾತ್ರ ಬೆಳೆಸಲಾರದು. ಆದುದರಿಂದ ಎತ್ತು ಹೇಳುತ್ತಿದ್ದ ‘ಸಾಕು’ ಎಂಬ ಮಾತನ್ನು ಈಗ ಮನುಷ್ಯನೇ ಹೇಳಬೇಕಾಗಿದೆ.

ಬ್ರೇಕಿಲ್ಲದ ಹಿಂಬಂಡಿಯು ನೂಕುವುದು ನೇರವಾಗಿದ್ದರೆ ಹೆಚ್ಚು ದೂರ ಉರುಳಿ ನಿಲ್ಲಬಹುದು. ತಿರುವಿನಲ್ಲಿ ಹಾಗಲ್ಲ. ಅಲ್ಲಿ ಟ್ರ್ಯಾಕ್ಟರಿನ ಮುಖ ಒಂದು ಕಡೆ, ಹಿಂಬಂಡಿಯ ಮುಖ ಇನ್ನೊಂದು ಕಡೆ. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು ಎಂಬ ಗಾದೆಯಂತೆ ಒಂದು ನಿಲ್ಲಬಯಸುತ್ತದೆ, ಮತ್ತೊಂದು ಮುಂದೆ ನುಗ್ಗುತ್ತದೆ. ಕೊಂಡಿಯ ಬಳಿ ಓರೆಯಾಗಿ ಬಿದ್ದ ನೂಕುಬಲವು ಟ್ರ್ಯಾಕ್ಟರಿನ ಹಿಂಭಾಗವನ್ನು ಪಕ್ಕಕ್ಕೆ ತಳ್ಳುತ್ತದೆ. ಎರಡೂ ಬಂಡಿಗಳು ಚೂರಿಯನ್ನು ಮಡಿಸಿದಂತೆ ಮಡಿಚಿಕೊಂಡು ಉರುಳುತ್ತವೆ. ಮೂಕಿಯ ಮೇಲೆ ಕುಳಿತವರು ಸಿಕ್ಕಿಕೊಳ್ಳುವುದು ಈ ಮಡಿಕೆಯ ನಡುವೆ.

ನೀರಿನ ಹೊರೆಗೆ ಇನ್ನೊಂದು ಗುಣವುಂಟು. ಇಟ್ಟಿಗೆಯು ಇಟ್ಟಲ್ಲಿಯೇ ಇರುತ್ತದೆ, ನೀರು ಇರುವುದಿಲ್ಲ. ಅರ್ಧ ತುಂಬಿದ ಟ್ಯಾಂಕರನ್ನು ತಟ್ಟನೆ ತಡೆದರೆ ಒಳಗಿನ ನೀರು ಅಲೆಯಾಗಿ ಮುನ್ನುಗ್ಗಿ ಮುಂದಿನ ಗೋಡೆಗೆ ಅಪ್ಪಳಿಸುತ್ತದೆ. ತಿರುವಿನಲ್ಲಿ ಒಂದು ಮಗ್ಗುಲಿಗೆ ಏರಿ ಬಂಡಿಯನ್ನು ಕೆಡವಲೆಳಸುತ್ತದೆ. ಒಳಗೆ ರಂಧ್ರಗಳುಳ್ಳ ಅಡ್ಡ ತಗಡುಗಳನ್ನು ಕೂರಿಸಿದರೆ ಅಲೆಯ ರಭಸ ತಗ್ಗುತ್ತದೆ. ಹಾಗಿಲ್ಲದ ಟ್ಯಾಂಕರನ್ನು ಅರೆಬರೆ ತುಂಬಿಸಿಕೊಂಡು ದೂರ ಸಾಗುವುದು ತರವಲ್ಲ. ಕೆರೆಯ ಗೋಡನ್ನು ಹೇರುವವರು ಮತ್ತೊಂದನ್ನು ನೆನಪಿಡಬೇಕು. ನೋಡಲು ಅಷ್ಟೇ ಎತ್ತರದ ರಾಶಿಯಾದರೂ ಹಸಿಯ ಗೋಡು ಒಣಗಿದ ಗೋಡಿಗಿಂತ ಹೆಚ್ಚು ಭಾರ. ಕಣ್ಣಳತೆಯು ತೂಕವನ್ನು ಹೇಳದು.

ಹಿಂಬಂಡಿಗೆ ತನ್ನದೇ ಆದ ಬ್ರೇಕು ಇರಬೇಕೆಂಬ ತಿಳಿವಳಿಕೆಯು ರೈಲುದಾರಿಯಲ್ಲಿ ಬಹು ದೊಡ್ಡ ಬೆಲೆಯನ್ನು ತೆತ್ತು ಬಂದುದು. ಹಿಂದೆ ಬೌರಿಂಗ್‌ಪೇಟೆ ಎನಿಸಿದ್ದ ಬಂಗಾರಪೇಟೆಯಿಂದ ಚಿನ್ನದ ಗಣಿಗಳತ್ತ, ಮಾರಿಕುಪ್ಪದವರೆಗೆ, 1894ರಲ್ಲಿ ರೈಲುದಾರಿ ತೆರೆಯಿತು. ಅದಕ್ಕೆ ಐದು ವರ್ಷ ಮೊದಲು, 1889ರ ಜೂನ್ 12ರಂದು, ಐರ್ಲೆಂಡಿನ ಅರ್ಮಾ ಎಂಬಲ್ಲಿ ಘೋರವಾದ ದುರಂತವೊಂದು ನಡೆಯಿತು. ವಿಹಾರಕ್ಕೆ ಹೊರಟ ಮಕ್ಕಳು ಮತ್ತು ಹಿರಿಯರಿಂದ ಕಿಕ್ಕಿರಿದ ರೈಲು ಏರನ್ನು ಹತ್ತಲಾರದೆ, ನೆತ್ತಿಗೆ ಸ್ವಲ್ಪ ದೂರವಿರುವಾಗ ನಿಂತಿತು. ಎಂಜಿನ್ನಿಗೆ ಅದು ಮೀರಿದ ಹೊರೆ. ಸಿಬ್ಬಂದಿಯವರು ರೈಲನ್ನು ಎರಡು ಭಾಗವಾಗಿ ಬೇರ್ಪಡಿಸಿ, ಮುಂದಿನ ಭಾಗವನ್ನು ಮೊದಲು ಒಯ್ಯಲು ನಿಶ್ಚಯಿಸಿದರು. ಆ ರೈಲಿನ ಬ್ರೇಕು ಎಂಜಿನ್ನಿನ ಸಂಪರ್ಕವಿರುವವರೆಗೆ ಮಾತ್ರ ಹಿಡಿಯುವಂಥದು. ಕೊಂಡಿಯನ್ನು ಕಳಚಿದೊಡನೆ ಹಿಂದಿನ 10 ಗಾಡಿಗಳಿಗೆ ಉಳಿದ ಆಸರೆಯೆಂದರೆ ಒಂದು ಕೈಬ್ರೇಕು ಮತ್ತು ಗಾಲಿಗಳ ಕೆಳಗಿಟ್ಟ ಕೆಲವು ಕಲ್ಲುಗಳು. ಮುಂದಿನ ಭಾಗವು ಹೊರಡುವಾಗ ತುಸು ಹಿಂದಕ್ಕೆ ಸರಿದು ತಾಗಿತು. ಅಷ್ಟೇ ಸಾಕಾಯಿತು. ಗಾಲಿಗಳು ಕಲ್ಲುಗಳನ್ನು ಪುಡಿಮಾಡಿ ಇಳಿಯತೊಡಗಿದವು. ಹತ್ತು ಗಾಡಿಗಳು ವೇಗವಾಗಿ ಉರುಳುತ್ತ ಹಿಂದೆ ಬರುತ್ತಿದ್ದ ಮತ್ತೊಂದು ರೈಲಿಗೆ ಬಡಿದವು. ಸುಮಾರು 80 ಮಂದಿ ಮಡಿದರು. ಅವರಲ್ಲಿ ಮಕ್ಕಳು ಅನೇಕರು.

ಅದೇ ವರ್ಷ ಬ್ರಿಟನ್ನಿನ ಸಂಸತ್ತು ಕಾನೂನೊಂದನ್ನು ಮಾಡಿ, ಪ್ರಯಾಣಿಕರ ರೈಲುಗಳ ಎಲ್ಲ ಗಾಡಿಗಳಿಗೂ ಒಂದೇ ಸಲ ಹಿಡಿಯುವ, ತಾನೇ ತಾನಾಗಿ ಕೆಲಸಮಾಡುವ ಬ್ರೇಕು ಕಡ್ಡಾಯವಾಗುವಂತೆ ಮಾಡಿತು. ಇದರ ತತ್ತ್ವವು ಸರಳ. ಇಂದಿನ ರೈಲಿನಲ್ಲಿ ಮೊದಲ ಗಾಡಿಯಿಂದ ಕೊನೆಯ ಗಾಡಿಯವರೆಗೆ ಒಂದು ಗಾಳಿಯ ಕೊಳವೆ ಹರಿದಿರುತ್ತದೆ. ಅದರೊಳಗಿನ ಒತ್ತಡವು ಸರಿಯಾಗಿರುವವರೆಗೆ ಬ್ರೇಕುಗಳು ಸಡಿಲವಾಗಿರುತ್ತವೆ. ಕೊಂಡಿ ಹರಿದು ಕೊಳವೆ ಬಿಟ್ಟುಹೋದರೆ ಒತ್ತಡವಿಳಿದು, ಪ್ರತಿಯೊಂದು ಗಾಡಿಯ ಬ್ರೇಕೂ ತಾನಾಗಿಯೇ ಬಿಗಿಯುತ್ತದೆ. ಯಂತ್ರವು ಕೆಟ್ಟಾಗ ಬಂಡಿ ಓಡಬಾರದು, ನಿಲ್ಲಬೇಕು. ಅರ್ಮಾದ ಮಕ್ಕಳು ಜಗತ್ತಿಗೆ ಬಿಟ್ಟುಹೋದ ಪಾಠ ಇದು.

ಈ ಪಾಠವನ್ನು ಹಿಂಬಂಡಿಗೆ ಅನ್ವಯಿಸುವುದು ಕಷ್ಟವೇನಲ್ಲ. ನೂಕಿನಿಂದಲೇ ಹಿಡಿಯುವ ಒಂದು ಬಗೆಯ ಬ್ರೇಕು ಉಂಟು. ಮುಂದಿನ ವಾಹನವು ವೇಗವನ್ನು ತಗ್ಗಿಸಿದೊಡನೆ ಹಿಂಬಂಡಿಯು ಮುಂದಕ್ಕೆ ನೂಕುತ್ತದೆಯಷ್ಟೆ? ಆ ನೂಕಿಗೆ ಮೂಕಿಯಲ್ಲಿರುವ ಜಾರುಕೊಳವೆಯು ಒಳಸರಿದು, ಒಂದು ಸಲಾಕೆಯನ್ನು ಎಳೆದು, ಹಿಂಬಂಡಿಯ ಗಾಲಿಗಳ ಬ್ರೇಕನ್ನು ಬಿಗಿಗೊಳಿಸುತ್ತದೆ. ಕೊಲ್ಲಲು ಬರುತ್ತಿದ್ದ ಬಲವೇ ಕಾಯುವ ಬಲವಾಗುತ್ತದೆ. ಹೊರೆಯು ಇನ್ನೂ ದೊಡ್ಡದಾದರೆ ಚಾಲಕನ ಕಾಲಿಗೇ ಹೊಂದಿಕೊಂಡ ಗಾಳಿಯ ಅಥವಾ ಎಣ್ಣೆಯ ಬ್ರೇಕು ಬೇಕು. ಬ್ರೇಕೇ ಇಲ್ಲದ ಹಿಂಬಂಡಿಯನ್ನು ಅಗ್ಗವೆಂದು ಮಾಡಿಸಿಕೊಳ್ಳುವವನು ಉಳಿಸುವ ಹಣವು ಎಷ್ಟೇ ಇರಲಿ, ಅದು ಉಳಿತಾಯವಲ್ಲ; ಮುಂದೆ ತೀರಿಸಬೇಕಾದ ಸಾಲ.

ಬ್ರೇಕಿನ ಜೊತೆಗೆ ಗಮನಿಸಬೇಕಾದುವು ಇನ್ನೂ ಕೆಲವಿವೆ. ಟ್ರ್ಯಾಕ್ಟರಿನ ಬ್ರೇಕುಗಳು ಸಾಮಾನ್ಯವಾಗಿ ಹಿಂದಿನ ಎರಡು ಗಾಲಿಗಳಿಗೆ ಮಾತ್ರ ಇರುತ್ತವೆ. ಹೊಲದಲ್ಲಿ ಸುಲಭವಾಗಿ ತಿರುಗಲೆಂದು ಎಡಗಾಲಿಗೊಂದು, ಬಲಗಾಲಿಗೊಂದು ಪ್ರತ್ಯೇಕ ತುಳಿಮಣೆ ಕೊಟ್ಟಿರುತ್ತಾರೆ. ರಸ್ತೆಗೆ ಇಳಿಯುವ ಮುನ್ನ ಇವೆರಡನ್ನೂ ಅಗುಳಿಯಿಂದ ಒಂದಾಗಿ ಸೇರಿಸಲೇಬೇಕು. ಇಲ್ಲವಾದರೆ ಒಂದೇ ಗಾಲಿ ಹಿಡಿದು ಟ್ರ್ಯಾಕ್ಟರು ಗಿರಕಿ ಹೊಡೆಯುತ್ತದೆ. ಹಿಂಬಂಡಿಯನ್ನು ತಯಾರಕರು ಗೊತ್ತುಮಾಡಿದ ತಗ್ಗಿನ ಕೊಂಡಿಗೇ ಕಟ್ಟಬೇಕು. ಎತ್ತರದಲ್ಲಿ ಕಟ್ಟಿದರೆ ಏರಿನಲ್ಲಿ ಮುಂದಿನ ಗಾಲಿಗಳು ನೆಲಬಿಟ್ಟು, ಟ್ರ್ಯಾಕ್ಟರು ಚಾಲಕನ ಮೇಲೆಯೇ ಹಿಮ್ಮುಖವಾಗಿ ಮಗುಚಬಹುದು. ಎರಡು ಗಾಲಿಯ ಹಿಂಬಂಡಿಯಲ್ಲಿ ಹೊರೆಯು ತೀರ ಹಿಂದಿದ್ದರೆ ಮೂಕಿ ಮೇಲಕ್ಕೆತ್ತಿ ಬಂಡಿ ತೂಗಾಡುತ್ತದೆ. ತೀರ ಮುಂದಿದ್ದರೆ ಕೊಂಡಿಯ ಮೇಲೆ ಭಾರ ಬಿದ್ದು ಮುಂದಿನ ಗಾಲಿಗಳ ಹಿಡಿತ ತಪ್ಪುತ್ತದೆ. ಗಾಡಿಯ ಚಕ್ರಕ್ಕೆ ಕಡಾಣಿ ಹೇಗೋ ಕೊಂಡಿಗೆ ಕೀಲು ಹಾಗೆ. ಅದು ಕಳಚದಂತೆ ಕಾವಲು ತಂತಿಯಿರಬೇಕು. ಕೀಲು ಮುರಿದರೂ ಹಿಂಬಂಡಿ ತಪ್ಪಿಹೋಗದಂತೆ ಬಲವಾದ ಸರಪಳಿಯೊಂದನ್ನು ಕಟ್ಟಬೇಕು. ಕತ್ತಲಲ್ಲಿ ಹಿಂದಿನಿಂದ ಬರುವವರಿಗೆ ಕಾಣುವಂತೆ ಕೆಂಪು ದೀಪವೂ ಹೊಳೆಯುವ ಪಟ್ಟಿಯೂ ಇರಬೇಕು. ಏರಿನಲ್ಲಿ ಏರಿದ ಗೇರಿನಲ್ಲಿಯೇ ಇಳಿಯಬೇಕೆಂಬುದು ಚಾಲಕರ ಹಳೆಯ ನಿಯಮ.

1988ರ ಮೋಟಾರು ವಾಹನ ಕಾಯ್ದೆಯು ಟ್ರ್ಯಾಕ್ಟರನ್ನು ತಾನು ಹೊರೆಯನ್ನು ಹೊರಲೆಂದು ರಚಿತವಾಗಿರದ ವಾಹನವೆಂದೂ, ಟ್ರೈಲರನ್ನು ಮೋಟಾರು ವಾಹನದಿಂದ ಎಳೆಯಲ್ಪಡುವ ಬೇರೆಯೇ ವಾಹನವೆಂದೂ ಹೇಳುತ್ತದೆ. ಅದೂ ಒಂದು ವಾಹನವೆಂಬುದನ್ನು ಕಾನೂನು ಒಪ್ಪಿರುವಾಗ, ಅದಕ್ಕೆ ತಡೆಯಿಲ್ಲದೆ ರಸ್ತೆಗೆ ಇಳಿಸುವುದು ಯಾವ ನ್ಯಾಯ? ಟ್ರ್ಯಾಕ್ಟರನ್ನು ರಸ್ತೆಯಲ್ಲಿ ನಡೆಸಲು 18 ವರ್ಷ ತುಂಬಿರಬೇಕು, ಪರವಾನಗಿ ಇರಬೇಕು. ಹೊರೆಗೆಂದು ಮಾಡಿದ ತೊಟ್ಟಿಯಲ್ಲಿ ಜಾತ್ರೆಗೆ, ಮದುವೆಗೆ ಜನರನ್ನು ತುಂಬಿ ಒಯ್ಯುವುದೂ ಅಷ್ಟೇ ತಪ್ಪು. ಅಲ್ಲಿ ಕುಳಿತವನಿಗೆ ಹಿಡಿಯಲು ಆಸರೆಯಿಲ್ಲ. ಬಂಡಿ ಮಗುಚಿದರೆ ಅವನು ಅದರ ಅಡಿಗೆ ಬೀಳುತ್ತಾನೆ. ಸಂಭ್ರಮಕ್ಕೆ ಹೊರಟವರ ಮನೆಯಲ್ಲಿ ಸೂತಕ ನೆಲಸಿದ ಉದಾಹರಣೆಗಳು ನಮ್ಮ ನಾಡಿನಲ್ಲಿ ಕಡಿಮೆಯೇನಿಲ್ಲ.

ಈಗ ಆ ಸಂಜೆಗೆ ಮರಳೋಣ. ಅದೇ ಏರಿ, ಅದೇ ತಿರುವು. ಆದರೆ ಈ ಸಲ ಟ್ಯಾಂಕರು ಟ್ರ್ಯಾಕ್ಟರಿನ ಶಕ್ತಿಗೆ ಒಪ್ಪುವಷ್ಟು ಚಿಕ್ಕದು. ಅದರ ಗಾಲಿಗಳಿಗೆ ಬ್ರೇಕು ಉಂಟು. ತುಳಿಮಣೆಗಳೆರಡೂ ಅಗುಳಿಯಿಂದ ಸೇರಿವೆ. ಹೊರಡುವ ಮುನ್ನ ಚಾಲಕನು ಸಮತಟ್ಟಾದ ಜಾಗದಲ್ಲಿ ನಿಧಾನವಾಗಿ ಹೋಗಿ ಒಮ್ಮೆ ಬ್ರೇಕನ್ನು ಪರೀಕ್ಷಿಸಿದ್ದಾನೆ. ಮೂಕಿಯ ಮೇಲೆ ಹತ್ತಬಂದ ಹುಡುಗರನ್ನು ಬೈದು ಇಳಿಸಿದ್ದಾನೆ. ಅವರು ಮುಖ ಸಪ್ಪಗೆ ಮಾಡಿಕೊಂಡು ಹಿಂದೆ ನಡೆದು ಬರುತ್ತಿದ್ದಾರೆ. ಬಂಡಿಯು ಕೆಳಗಿನ ಗೇರಿನಲ್ಲಿ ಗುರುಗುಟ್ಟುತ್ತ ಇಳಿಯುತ್ತಿದೆ. ತಿರುವಿನಲ್ಲಿ ಕುರಿಗಳು ಕಾಣಿಸಿದವು. ಚಾಲಕನು ಬ್ರೇಕನ್ನು ಒತ್ತಿದನು. ಬಂಡಿ ನಿಂತಿತು. ಕುರಿಗಳು ದಾಟಿದವು, ಮುದುಕನೂ ಕೋಲೂರಿಕೊಂಡು ದಾಟಿದನು. ಹತ್ತು ನಿಮಿಷ ತಡವಾಗಿ ನೀರು ಊರನ್ನು ಸೇರಿತು. ಕೊಡ ಹಿಡಿದು ಕಾದಿದ್ದವರು ತಡವೇಕೆಂದು ಗೊಣಗಿದರು. ಅಂದು ಏನು ತಪ್ಪಿತೆಂಬುದು ಅವರಾರಿಗೂ ತಿಳಿಯಲಿಲ್ಲ.

ಅಪಘಾತವಾದರೆ ಊರೆಲ್ಲ ಆಡಿಕೊಳ್ಳುತ್ತದೆ. ಆಗದೆ ಹೋದ ಅಪಘಾತಕ್ಕೆ ಸಾಕ್ಷಿಯಿಲ್ಲ, ಹೊಗಳಿಕೆಯೂ ಇಲ್ಲ. ಆದರೂ ಕೊಂಡಿಗೆ ಬಂಡಿಯನ್ನು ಸಿಕ್ಕಿಸುವ ಪ್ರತಿಯೊಬ್ಬನೂ ಹೊರಡುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಇದನ್ನು ಎಳೆಯಬಲ್ಲೆ, ಸರಿ, ನಿಲ್ಲಿಸಬಲ್ಲೆನೇ?

ಅಭ್ಯಾಸ

1. ಎತ್ತಿನ ಗಾಡಿಯ ಕಾಲದಲ್ಲಿ ಇಳಿವಿನಲ್ಲಿಯೂ ಏರಿನಲ್ಲಿಯೂ ಗಾಡಿಯನ್ನು ಹೇಗೆ ತಡೆಯುತ್ತಿದ್ದರು?
2. ಇಳಿಜಾರಿನಲ್ಲಿ ಗೇರನ್ನು ತೆಗೆದು ಬಂಡಿಯನ್ನು ಉರುಳಲು ಬಿಡುವುದು ಏಕೆ ಅಪಾಯಕರ?
3. ಅರ್ಮಾದ ದುರಂತಕ್ಕೆ ಕಾರಣವೇನು? ಅದರಿಂದ ದೊರೆತ ಪಾಠವಾವುದು?
4. ‘ಕೊಲ್ಲಲು ಬರುತ್ತಿದ್ದ ಬಲವೇ ಕಾಯುವ ಬಲವಾಗುತ್ತದೆ’: ಈ ಮಾತನ್ನು ವಿವರಿಸಿರಿ.
5. ನಿಮ್ಮ ಊರಿನಲ್ಲಿ ಓಡಾಡುವ ಹಿಂಬಂಡಿಯೊಂದು ನಿಂತಿರುವಾಗ ಅದರ ಕೊಂಡಿ, ಕೀಲು, ಸರಪಳಿ, ಬ್ರೇಕು ಮತ್ತು ದೀಪಗಳನ್ನು ಹಿರಿಯರೊಡನೆ ಗಮನಿಸಿ, ಕಂಡುದನ್ನು ಹತ್ತು ವಾಕ್ಯಗಳಲ್ಲಿ ಬರೆಯಿರಿ.